ಅಂಟು ಹಾಕಿದ ಪುಟ

ರಕ್ತ ಪರೀಕ್ಷೆಗೆಂದು ಖಾಲಿ ಹೊಟ್ಟೆಯಲ್ಲಿ ಕೂತಿದ್ದೆ. ಎದುರು ಬೆಂಚಿನಲ್ಲಿ ಯಾವುದೋ ಶಾಲೆಯ ಮುಖ್ಯೋಪಾಧ್ಯಾಯಿನಿ, ಪಕ್ಕದಲ್ಲಿ ಅವರ ಬ್ಯಾಗು ಹಿಡಿದುಕೊಂಡ ರಸಾಯನಶಾಸ್ತ್ರದ ಟೀಚರ್. ಕದ್ದು ಕೇಳುವ ಚಟ ನನಗಿಲ್ಲ; ಅವರ ದನಿಯೇ ಹಾಗಿತ್ತು.

“ಆಲ್ಕೋಹಾಲ್ ಪಾಠದ ಪುಟಗಳಿಗೆಲ್ಲ ಅಂಟು ಹಾಕಿಸಿದ್ದೀರಂತೆ, ಮೇಡಂ?”

“ಇನ್ನೇನ್ ಮಾಡ್ಲಿ? ಕಮಿಟಿ ಅಧ್ಯಕ್ಷರ ಮಗಳು ಊಟಕ್ಕೆ ಕೂತ್ಕೊಂಡು ಮೆಥನಾಲ್, ಎಥನಾಲ್ ಅಂತ ಬಾಯಿಪಾಠ ಮಾಡಿದ್ಳಂತೆ. ಮನೆಯವರೆಲ್ಲ ಗಾಬರಿ!”

“ಪರೀಕ್ಷೇಲಿ ಅದಕ್ಕೇ ಐದು ಅಂಕ ಇದೆ.”

“ಈಥೇನ್‌ವರೆಗೂ ಕಲಿಸಿ, ಸಾಕು.”

“ಅದೇ ಈಥೇನ್‌ನಲ್ಲಿ ಒಂದು ಹೈಡ್ರೋಜನ್ ತೆಗೆದು ಓ-ಎಚ್ ಕೂರಿಸಿದ್ರೆ ಎಥನಾಲ್ ಆಗುತ್ತೆ, ಮೇಡಂ. ಹೆಸರಿನ ಬಾಲದಲ್ಲಿ ‘ಆಲ್’ ಬರೋದೂ ಅದಕ್ಕೇ.”

“ಆ ಬಾಲವೇ ಬೇಡ ಅಂತಿರೋದು ನಾನು! ಬೇಕಿದ್ರೆ ರಚನೆ ಬರೆಸಿ, ಹೆಸರು ಮಾತ್ರ ಹೇಳ್ಬೇಡಿ.”

“ಹೆಸರಿನ ಜಾಗದಲ್ಲಿ ಮಕ್ಕಳು ಏನು ಬರೀಬೇಕು?”

“‘ಆ ಪದಾರ್ಥ’ ಅಂತ ಬರೀಲಿ. ಮರ್ಯಾದಸ್ಥರ ಮಕ್ಕಳು.”

“ಮೂರು ಕಾರ್ಬನ್ ಇದ್ರೆ? ‘ಆ ಪದಾರ್ಥದ ಅಣ್ಣ’ ಅಂತಲಾ?”

“ತಲೆಹರಟೆ ಬೇಡ. ನಾನಂತೂ ಹುಟ್ಟಿದಾಗಿನಿಂದ ಅದನ್ನ ಮೈಗೆ ಸೋಕಿಸ್ಕೊಂಡೋಳಲ್ಲ.”

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಟೀಚರ್ ಬ್ಯಾಗು ಹೊತ್ತು ಹಿಂದೆಯೇ ಹೋದರು. ಬಾಗಿಲು ತೆರೆದೇ ಇತ್ತು. ನರ್ಸ್ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಮೇಡಂ ತೋಳಿಗೆ ಒರೆಸಿದಳು.

“ಅಬ್ಬಾ, ಎಷ್ಟು ತಣ್ಣಗಿದೆ! ಏನಮ್ಮ ಇದು?”

ನರ್ಸ್ ಬಾಯಿ ತೆರೆಯುವ ಮೊದಲೇ ಟೀಚರ್ ಉತ್ತರ ಕೊಟ್ಟರು.

“ಆ ಪದಾರ್ಥ, ಮೇಡಂ.”