ನಾಕನೇ ಚುಟಗಿ

...ಸತ್ತಾಳ ಅಂತ ಹೇಳಿದೆನಲ್ಲ ತಂಗಿ, ಇನ್ನ ಎಷ್ಟ ಸರ್ತಿ ಹೇಳ್ಲಿ? ಚನ್ನವ್ವ ಸತ್ತು ಐವತ್ತ ವರ್ಷದ ಮ್ಯಾಲಾತು. ಈ ಸಾಹೇಬರನ್ನ ಹಡದಾಕಿ ಅಕೀನ, ಮೇಲವಂಕಿ ಚನ್ನವ್ವ. ಜ್ವರಾ ಬಂದು ಸತ್ಲು. ತೀರ್ತು. ಅಷ್ಟ ಇಂಗ್ಲೀಷಿನ್ಯಾಗ ಹೇಳಿ ಅವರನ್ನ ಕರಕೊಂಡ ಹೋಗಿಬಿಡವಾ...

ಹೇಳಿದೇನು? ಏನಂದ್ರು? ಬರೇ ತಲಿ ಅಲ್ಲಾಡಿಸಿದ್ರು?

ಅಯ್ಯ, ನೀ ಯಾಕ ನಗತಿ? ನಗಬ್ಯಾಡ. ನಂಗೂ ನಗಿ ಬರತೈತಿ ಖರೆ, ತಡಕೊಂಡ ಕುಂತೇನಿ. ನೋಡಿದ್ರ ನಮ್ಮ ಕಬ್ಬಿನ ಹೊಲದಾಗಿಂದ ಈಗ ಎದ್ದ ಬಂದಂಗ ಅದಾರ, ಅದ ಮೂಗು, ಅದ ಬಣ್ಣಾ. ಬಾಯಿ ತಗದ್ರ ಮಾತ್ರ ಯಾವ್ದೋ ದೇಶದ ಮಾತು! ಸ್ವೀಡನ್ ಅಂದಿ? ಬರ್ಫ ಬೀಳೂ ದೇಶ? ಅಲ್ಲಿ ಇಮಾನದ ಲಷ್ಕರದಾಗ ದೊಡ್ಡ ಸಾಹೇಬ್ರು... ಹೂಂ. ಹೊರಗ ನೋಡು, ಓಣಿ ಮಂದಿ ನಿಮ್ಮ ಕಾರಿನ ಸುತ್ತ ಹೆಂಗ ಮುಕರಿಕೊಂಡಾರ. ಸಕ್ಕರಿ ಕಾರ್ಖಾನಿ ಹಾಕಾಕ ಜಾಗಾ ನೋಡಾಕ ಬಂದಾರ ಅಂತ ಬಾಜೂಮನಿ ಮಾಯಪ್ಪ ಆಗಲೇ ಮೂಡಲಗಿ ತುಂಬ ಸಾರ್ಯಾನ. ಆ ಮಾಯಪ್ಪಗ ತನ್ನ ಹೇಣ್ತಿ ತಿಂಗಳಾಗ ಹದಿನೈದ ದಿನಾ ಹುಕ್ಕೇರ್ಯಾಗ ಯಾರ ಮನ್ಯಾಗ ಇರತಾಳ ಅನ್ನೂದ ಗೊತ್ತಿಲ್ಲ, ಮಂದೀ ಸುದ್ದಿ ಬೇಕು!

ಯಾರ ಮನ್ಯಾಗಾ? ತಡಿ, ಆಮ್ಯಾಲ ಹೇಳತೇನಿ, ಭಾಳ ಮಜಾ ಐತಿ ಅದು. ಮೊದಲ ಇದನ್ನ ಮುಗಸೂಣು. ನನ್ನ ಸೊಸಿ ಅನ್ನಪೂರ್ಣಾ ಛಾಕ್ಕ ಹಾಲ ತರಾಕ ಹೋಗ್ಯಾಳ, ಅಕಿ ಬರೂದ್ರಾಗ ನೀವು ಎದ್ದಬಿಡ್ರಿ. ಅಕೀ ಕಿವ್ಯಾಗ ಬಿದ್ದದ್ದು ಸಂಜೀ ಒಳಗ ಗೋಕಾಕ ಮುಟ್ಟತೈತಿ... ಏನು, ನನ್ನಂಗ ಅಂತೀ? ಅನ್ನು, ಅನ್ನು. ನೀ ಗೋಕಾಕ ಕಾಲೇಜಿನ್ಯಾಗ ಇಂಗ್ಲೀಷ ಕಲಸೂ ಬಾಯಾರಾದ್ರೇನಾತು ಮಾಲವ್ವ, ನಾಲಗಿ ನಿಂದೂ ಕಡಿಮಿ ಇಲ್ಲ.

ನಿಮಗ ನನ್ನ ಹೆಸರ ಯಾರ ಹೇಳಿದ್ರು, ಅದನ್ನರ ಹೇಳು. ಹಾಂ... ಅನಾಥಾಶ್ರಮದ ಹಳೇ ಕಾಗದದಾಗ ಹಡದಾಕಿ ಹೆಸರಿಲ್ಲ, ಯಲ್ಲಕ್ಕನ ಹೆಸರ ಅಷ್ಟ ಇತ್ತು. ‘ಕೂಸು ತಂದಾಕಿ, ಸೂಲಗಿತ್ತಿ ಯಲ್ಲಕ್ಕ, ಮೇಲವಂಕಿ.’ ಯಲ್ಲಕ್ಕ ಸತ್ತಾಳ. ಮೇಲವಂಕ್ಯಾಗ ಕೇಳಿದ್ರ ಎಲ್ಲಾರೂ, ಫಕೀರವ್ವನ್ನ ಕೇಳ್ರಿ, ಅಕಿಗಿ ಯಾರ ಸಾರಿಗೆ ಎಷ್ಟ ಉಪ್ಪ ಬಿದ್ದೈತಿ ಅನ್ನೂದೂ ಗೊತ್ತೈತಿ, ಅಂದ್ರು. ಹೌದ? ಹಂಗ ಅಂದ್ರ? ಅಲ್ಲ, ಅದು ನನ್ನ ತವರಮನಿ ಊರು, ಗೊತ್ತಿರೂದಿಲ್ಲೇನು! ಆದ್ರ ಈ ಕೂಸು ಹುಟ್ಟಿದಾಗ ನಾ ಅಲ್ಲಿ ಇರಲಿಲ್ಲ, ನೆಪ್ಪಿಟ್ಟಕೊ. ಆಗ ನಾ ಇಲ್ಲೇ ಮೂಡಲಗ್ಯಾಗ, ಗಂಡನ ಮನ್ಯಾಗ ಇದ್ನಿ. ಕೂಸಿನ ಮಾರಿ ಸೈತ ನೋಡಿಲ್ಲ. ಮಂದಿ ಹೇಳಿದ್ದನ್ನ ಕೇಳೇನಿ, ಅಷ್ಟ.

ಏನದು, ಪುಸ್ತಕಾ? ಪೋಟೋದ್ದು? ತೋರಸ್ಲಿ ಬಿಡು, ಪಾಪ, ಅಷ್ಟ ದೂರಿಂದ ಹೊತ್ತಕೊಂಡ ಬಂದಾರ. ನನ್ನ ಚಸ್ಮಾ ಕೊಡು. ಇದ್ಯಾರು? ಸಣ್ಣವರಿದ್ದಾಗ? ಬರ್ಫದಾಗ ಕಾಲಿಗೆ ಹಲಗಿ ಕಟಗೊಂಡ ನಿಂತಾರಲ್ಲ! ಎಲ್ಲಾ ಬಿಳೀ ಹುಡುಗೂರು, ನಡುವ ಒಬ್ಬಾಂವ ನಮ್ಮಾಂವ... ನಮ್ಮ ಕಡ್ಯಾಂವ ಅಂದ್ನಿ. ಹಡದವ್ರಲ್ಲದಿದ್ರೂ ಸಾಕಿದವರು ಏನ ಚಂದ ಉಣ್ಣೀ ಟೋಪಿ ಹೆಣದ ಹಾಕ್ಯಾರ ನೋಡು.

ಇದು? ಹದಿನೆಂಟ ವರ್ಷದಾವರಿದ್ದಾಗ, ಇಮಾನದ ಸಾಲೀಗಿ ಹೋದದ್ದು. ಮಾರಿ ಯಾಕ ಸಪ್ಪಗೈತಿ? ...ವಾಪಸ ಕಳಿಸಿದ್ರಾ? ಯಾಕ? ಡಾಕ್ಟರ್ ಬ್ಯಾಡಂದ! ಓದೂದ್ರಾಗ, ಓಡೂದ್ರಾಗ ಎಲ್ಲಾರಕಿಂತ ಮುಂದ ಇದ್ದು, ಅಂಗಿ ಬಿಚ್ಚಿ ನಿಂತಾಗ ಹೊಟ್ಟಿ ಮ್ಯಾಲ ಕಲಿ ಕಂಡುವಂತ... ಯಾವ ಕಲಿ? ...ಸುಟ್ಟ ಕಲಿ. ಹೂಂ. ಸಣ್ಣಾಂವಿದ್ದಾಗ ಹೊಟ್ಟ್ಯಾಗ ಏನೋ ದೊಡ್ಡ ಬ್ಯಾನಿ ಇತ್ತು, ಮ್ಯಾಲ ಹೋದಾಗ ಹೊಟ್ಟಿ ತಡೀತೈತೋ ಇಲ್ಲೋ ಅಂತ ಒಂದ ವರ್ಷ ಕೂಡಿಸಿಬಿಟ್ರಂತ? ಒಂದ ವರ್ಷ! ಅಷ್ಟಕ್ಕ?

ನಾ ಸಿಟ್ಟಾಗಿಲ್ಲವಾ. ನಾ ಯಾಕ ಸಿಟ್ಟಾಗ್ಲಿ? ಹಾಳಿ ತಿರವು.

ಹಾಂ, ಇಲ್ಲಿ ಎದಿ ಮ್ಯಾಲ ಬಂಗಾರದ ರೆಕ್ಕಿ ಬಂದಾವ. ಹಾರಾಕ ಬಿಟ್ರು! ಇಮಾನ ನೋಡು, ಮೂಗ ಚೂಪ ಮಾಡಕೊಂಡ ಹೋರಿ ನಿಂತಂಗ ನಿಂತೈತಿ. ಅದರಾಗ ಒಬ್ಬರ? ಬಾಜೂಕ ಯಾರೂ ಇಲ್ಲ? ನನ್ನ ಮಗಾ ಸೋಮಪ್ಪ ಟ್ರ್ಯಾಕ್ಟರ್ ಹೊಡದ್ರನ ನನ್ನ ಎದಿ ಡವ ಡವ ಅಂತೈತಿ. ಇದರಾಗ ಪಟ್ಟಿ ಒಂದು ಹೆಚ್ಚಾಗೇತಿ. ಇದರಾಗ ಮತ್ತೊಂದು. ಲಗ್ನಾ... ಸೊಸಿ ಚಂದ ಅದಾಳ. ಯಾರ ಸೊಸಿ? ಆ ಸಾಕಿದವರ ಸೊಸಿ ತಂಗಿ, ನೀ ಒಂದು!

ಇಲ್ಲಿ ಯಾಕ ದವಾಖಾನ್ಯಾಗ ಮಲಗ್ಯಾರ? ಏನು? ಆಕಾಶದಾಗ ಇಮಾನ ಕೆಟ್ಟು ಕುರ್ಚಿ ಸಮೇತ ಹೊರಗ ಹಾರಿದ್ರಾ? ಯಾವಾಗ? ಯಾವ ವರ್ಷ? ಯಾವ ತಿಂಗಳ ಕೇಳು! ...ಶ್ರಾವಣದಾಗ ಇರಬೇಕು. ಆ ವರ್ಷ ಶ್ರಾವಣದಾಗ ನಂಗ... ಏನೂ ಇಲ್ಲ ಬಿಡು. ಬೆನ್ನ ಮುರೀತು, ಎಂಟ ತಿಂಗಳ ಪಟ್ಟಾ ಕಟ್ಟಿದ್ರು, ಆಮ್ಯಾಲ ಹಾರೂದು ಬ್ಯಾಡ ಅಂತ ಕುರ್ಚಿ ಮ್ಯಾಲಿನ ಕೆಲಸಾ ಕೊಟ್ರು. ಹೂಂ. ಎರಡ ವರ್ಷ ಕಾಗದಾ ನೂಕಿದ್ರು. ಮತ್ತ ಹಟಾ ಮಾಡಿ ಹೋಗಿ ಹಾರಿದ್ರು! ನೋಡಿದೇನು? ಹಟಾ ಅಂದ್ರ ಹಟಾ. ಎಲ್ಲಿಂದ ಬಂತು ಅದು ಅಂತ ನಂಗ ಗೊತ್ತೈತಿ... ಚನ್ನಿ ಭಾಳ ಹಟಮಾರಿ ಇದ್ಲಂತ. ಮಂದಿ ಹೇಳತಿದ್ರು.

ಆಮ್ಯಾಲ ನಲವತ್ತ ಮಂದಿ ಹಾರೂವರಿಗೆ ಹಿರ್ಯಾ. ಆಮ್ಯಾಲ ಬ್ಯಾಸಗ್ಯಾಗ ಹೊತ್ತ ಮುಳಗದ ಊರಾಗ ಇಡೀ ಇಮಾನದ ಠಾಣೇಕ್ಕ ಸಾಹೇಬ. ಈಗ ರಾಜಧಾನ್ಯಾಗ ದೊಡ್ಡ ಕಚೇರಿ, ತೋಳಿನ ತುಂಬ ಬಂಗಾರ ಪಟ್ಟಿ. ಬರೂ ತಿಂಗಳ ರಿಟೈರ್. ಶಾಬಾಸ್ ಅಂತ ಹೇಳವಾ. ನಮ್ಮ ಕಡೆ ಹುಟ್ಟಿದ್ದು ಅಲ್ಲಿ ಹೋಗಿ ಅಷ್ಟ ಮ್ಯಾಲ ಏರೇತಿ. ಇಲ್ಲೇ ಇದ್ದಿದ್ರ? ಇಲ್ಲಿದ್ದಿದ್ರ ಯಾರ ಮಗಾ ಅಂತ ಕೇಳೂದ್ರಾಗನ ಮಂದಿ ಸಾಯಿಸಿಬಿಡತಿದ್ರು. ಕೊಟ್ಟಿದ್ದ ಚಲೋ ಆತು. ಭಾಳ ಚಲೋ ಆತು. ಹೌದಲ್ಲೋ? ಹೌದನ್ನು!

ಅಪ್ಪನ ಸುದ್ದಿ ಬೇಕಾ? ಬೇಕ ಬಿಡು, ಅದರಾಗ ಖಾರ ಐತಿ. ಚನ್ನಿ ಹದಿನೇಳಕ್ಕ ಗಂಡನ್ನ ಕಳಕೊಂಡು ತವರಮನ್ಯಾಗ ಕುಂತಿದ್ಲು. ಅಲ್ಲಿ ಒಬ್ಬಾಂವ ಗಜಾನನ ಅಂತ, ಗೋಕಾಕ ಕಡೆ ಬಸ್ ಹೊಡೀತಿದ್ದ. ಬಸ್ಸೇನು, ಇಮಾನ ಹೊಡದಂಗ ಹೊಡೀತಿದ್ದ! ತಿರವ್ಯಾಗ ಹಾರ್ನ್ ಎರಡ ಸರ್ತಿ ಬಾರಿಸ್ತಿದ್ದ, ನೀರಿಗೆ ಹೋದಾಕಿ ಕೊಡಾ ಕೆಳಗಿಟ್ಟ ನಿಂದರತಿದ್ಲು. ಹಲ್ಲ ಏನ ಬೆಳ್ಳಗಿದ್ದುವಂತಿ... ಅಂತಿದ್ರು. ಮಂದಿ. ಹೊಟ್ಟೀಲೆ ಆದಾಗ ಅಂವಂದ ವರ್ಗ ಆತು, ಹೋದಾಂವ ಹೋದ. ಇಕಿ ಜ್ವಾಳಾ ತುಂಬೂ ಹಗೇವಿನ ಮಗ್ಗಲದ ಕೋಣ್ಯಾಗ ಆರ ತಿಂಗಳ ಹೊರಗಿನ ಬಿಸಲ ಕಾಣಲಿಲ್ಲ. ಹಡದ ನಲವತ್ತನೇ ದಿನಕ್ಕ ಯಲ್ಲಕ್ಕ ಕೂಸನ್ನ ಆಶ್ರಮಕ್ಕ ಒಯ್ದ ಕೊಟ್ಲು. ಇಕೀನ್ನ ದಡ್ಡಿ ಅನ್ನೂ ಊರಿಗೆ ಉಡಿಕಿ ಮಾಡಿ ಕೊಟ್ರು, ಎರಡನೇ ಸಂಬಂಧ. ಎರಡ ವರ್ಷಕ್ಕ ಹೊಳಿಗಿ ಬಿದ್ದ ಸತ್ಲು.

...ಮೊದಲ ಜ್ವರ ಅಂದಿದ್ನೇನು? ಜ್ವರಾನೂ ಇತ್ತು. ಜ್ವರದಾಗ ಹೊಳಿಗಿ ಹೋದ್ಲು. ನೀ ಏನ ಪೊಲೀಸ ಏನು?

ಏನ ಕೇಳಾಕತ್ತಾರ ಅವರು? ಕೈ ಮುಗದು ಯಾಕ ಕೇಳತಾರ, ಬ್ಯಾಡನ್ನು... ಏನಂತ? ಅವ್ವ ಸತ್ತಿದ್ರ ಸತ್ತಿರ್ಲಿ, ಒಂದ ಮಾತು ಸಾಕಂತ? ‘ನನಗೇನ ಬ್ಯಾನಿ ಇತ್ತು?’ ವರ್ಷಕ್ಕೊಮ್ಮಿ ಡಾಕ್ಟರ್ ಮುಂದ ಅಂಗಿ ಬಿಚ್ಚೂದು, ಕಲಿ ಯಾಕಾದುವು ಅಂತ ಅವರು ಕೇಳೂದು, ಗೊತ್ತಿಲ್ಲ ಅಂತ ಇವರು ಬರಸೂದು. ಮೂವತ್ತಾರ ವರ್ಷ ಗೊತ್ತಿಲ್ಲ, ಗೊತ್ತಿಲ್ಲ... ಯಾರೋ ಸಿಟ್ಟೀಲೆ ಸುಟ್ಟಿರಬೇಕು ಅಂತ ಅಲ್ಲೊಬ್ಬ ಡಾಕ್ಟರ್ ಅಂದಿದ್ನಂತ? ಹಡದಾಕೀನ ಸುಟ್ಟಾಳ ಅಂತ?

ಯಾರಾಂವ! ಅವನ ಬಾಯಾಗ ಮಣ್ಣ ಹಾಕ! ಸಿಟ್ಟೀಲೆ ಸುಡತಾರೇನು? ಹೇಳವಾ ಅವರಿಗೆ, ಅದು ಚುಟಗಿ ಅಂತ ಹೇಳು. ಚುಟಗಿ ಗೊತ್ತೈತಿಲ್ಲೋ ನಿಂಗ? ಕೂಸಿಗಿ ಹೊಟ್ಟಿ ಉಬ್ಬಿದ್ರ ಬಳಿ ಚೂರ ಕಾಸಿ ಹೊಕ್ಕಳದ ಸುತ್ತ ನಾಕ ಕಡೆ ಚುರ್ ಅನ್ನಸತಾರ. ಆಗ ಎಲ್ಲಾ ಮನ್ಯಾಗೂ ಇತ್ತು ಅದು, ನಮ್ಮ ಸೋಮಪ್ಪಗೂ ಐತಿ. ಬ್ಯಾನೀನೂ ಇಲ್ಲ ಎಂಥಾದೂ ಇಲ್ಲ. ಕುಡದ ಹಾಲೆಲ್ಲಾ ಕಕ್ಕತಿತ್ತು, ಹೊಟ್ಟಿ ಬಿಗದು ಕಲ್ಲ ಆಗಿತ್ತು. ಯಲ್ಲಕ್ಕ ಇದ್ದಿದ್ರ ಸುದ್ದ ಕೊಡತಿದ್ಲು, ಅವತ್ತ ಅಕಿ ಯಾವ್ದೋ ಊರಿಗೆ ಹಡಸಾಕ ಹೋಗಿದ್ಲು. ಬ್ಯಾರೆ ಯಾರನ್ನರ ಕರದ್ರ ಮನ್ಯಾಗ ಕೂಸ ಐತಿ ಅಂತ ಊರಿಗೇ ಗೊತ್ತಾಗತೈತಿ. ಅದಕ್ಕ ತಾನ ಕೊಟ್ಲು. ರಂಡಿಮುಂಡಿ ಕೈಯಾಗ ಬಳಿ ಎಲ್ಲಿರಬೇಕು? ಗಂಡ ಸತ್ತಾಗ ಒಡದಿದ್ದ ಹಸರ ಬಳಿ ಚೂರು ಸೆರಗಿಗೆ ಕಟಗೊಂಡಿದ್ಲು, ಅದನ್ನ ದೀಪದಾಗ ಕಾಸಿದ್ಲು. ಹೊಕ್ಕಳದ ಮ್ಯಾಲ, ಇಲ್ಲಿ, ಒಂದು. ಎಡಕ ಒಂದು. ಬಲಕ ಒಂದು. ನಾಕನೇದು ಕೆಳಗ ಕೊಡಬೇಕಂದ್ರ ಕೂಸು ಒಮ್ಮಿಗಲೆ ಅಕೀ ಕೈ ಬಳ್ಳ ಹಿಡಕೊಂಡ್ತು. ಗಟ್ಟಿ ಹಿಡೀತು! ಕೈ ಜಾರ್ತು... ಇಲ್ಲಿಂದ ಇಲ್ಲೀತನಕ, ಬಗಲತನಕ ಎಳೀತು. ಉದ್ದಕ. ಮತ್ತ ಕೂಸು ಅಳಲಿಲ್ಲ ತಂಗಿ. ಬಾಯಿ ತಗದು, ಉಸರ ಹಿಡದು, ಮಾರೀನ ನೋಡಾಕತ್ತು...

ಹೇಳವಾ ಅವರಿಗೆ. ಯಾಕ ನಿಂತಿ? ಇಷ್ಟೊತ್ತು ಪಟಪಟ ಹೇಳತಿದ್ದಿ.

ಏನ ನೋಡತಿ ನನ್ನ? ನೀ ಬರೇ ಕಲಿ ಅಂದಿದ್ದಿ... ಎಷ್ಟದಾವ, ಎಲ್ಲದಾವ ಅಂತ ಅಂದಿರಲಿಲ್ಲ? ಅಂದಿರಬೇಕ ನೋಡು. ಇಲ್ಲಂದ್ರ ಯಲ್ಲಕ್ಕ ಹೇಳಿದ್ಲು. ಹೌದವಾ, ಅವತ್ತ ಅಕಿ ಇರಲಿಲ್ಲ ಅಂತ ನಾನ ಅಂದ್ನಿ, ಆಮ್ಯಾಲ ಬಂದ್ಲು, ನೋಡಿದ್ಲು, ನಂಗ ಹೇಳಿದ್ಲು. ಸೆರಗಿಗೆ ಕಟಗೊಂಡದ್ದನ್ನೂ ಅಕೀನ ಹೇಳಿದ್ಲು. ಯಾಕ, ಹೇಳಬಾರದೇನು?

ಏನಂದಿ? ನಂದೂ ಉಡಿಕಿ ಏನ್ರಿ ಅಂತೀ? ಯಾರ ಹೇಳಿದ್ರು ನಿಂಗ? ಅನ್ನಪೂರ್ಣಿ ಹೇಳಿದ್ಲು, ಹೌದಲ್ಲೋ, ಅಕೀ ಬಾಯಿ ಸೇದಹೋಗ್ಲಿ! ಹೂಂ, ಉಡಿಕಿ. ಆದ್ರೇನಾತು? ಊರಾಗ ನೂರ ಮಂದೀದು ಉಡಿಕಿ. ದಡ್ಡಿಗೆ ಕೊಡತಾರ, ಮೂಡಲಗಿಗೂ ಕೊಡತಾರ. ನಮ್ಮ ಯಜಮಾನ್ರು ದೇವರಂಥಾ ಮನಶ್ಯಾ, ಸಾಯೂತನಕ ಹಿಂದಿಂದು ಒಂದ ಮಾತ ಕೇಳಲಿಲ್ಲ. ಕೇಳಾಕ ನಾ ಬಿಟ್ರಲ್ಲ! ಬಾಯಿ ತಗದ್ರ ಅವರ ಮನೀದು, ಇವರ ಮನೀದು ಸುದ್ದಿ ಹೇಳತಿದ್ನಿ. ಊರ ತುಂಬ ಹೇಳತಿದ್ನಿ. ಯಾವ ಹುಡಗಿ ಕೊಡಾ ಕೆಳಗಿಟ್ಟ ನಿಂತಾಳ ಅಂತ ಮೊದಲ ನಾನ ಹೇಳತಿದ್ನಿ. ಮಾತಾಡೂವರನ್ನ ಯಾರೂ ಕೇಳೂದಿಲ್ಲ ತಂಗಿ.



ಚನ್ನಿ ಸತ್ತಾಳ ಅಂತ ಹೇಳು. ಹೊಳಿಗಿ ಬಿದ್ಲು ಅನ್ನು. ಹೇಳ... ಏಳ, ಹೊತ್ತಾತು, ಬೆಳಗಾವಿಗೆ ಹೋಗೂದೈತಿ ನಿಮಗ. ಹೊರಗ ಸೋಮಪ್ಪ ಬರತಾನ, ಮೊಮ್ಮಕ್ಕಳು ಬರತಾವ, ಓಣಿ ತುಂಬ ಮಂದಿ... ಎಪ್ಪತ್ನಾಕ ವರ್ಷದಾಕಿಗಿ ಈಗ ಎಂಥಾದವಾ ಇದು...

ಅಂವಾ ಯಾಕ ಎದ್ದಾ? ನೀ ಏನೂ ಹೇಳಿಲ್ಲಲ್ಲ! ತುಟೀನ ಬಿಚ್ಚಿಲ್ಲ ನೀ! ನನ್ನ ಬಳ್ಳ ನೋಡಿದ್ನೇನು... ನಾ ನನ್ನ ಹೊಟ್ಟಿ ಮ್ಯಾಲ ತೋರಿಸಿದ್ದನ್ನ? ಅಯ್ಯ, ಬ್ಯಾಡನ್ನು ಅವಗ, ಗುಂಡಿ ಬಿಚ್ಚಬ್ಯಾಡನ್ನು, ಕದಾ ತೆರದೈತಿ...

ಮ್ಯಾಲ ಒಂದು. ಎಡಕ. ಬಲಕ.

ಎಷ್ಟ ಉದ್ದ ಆಗೇತಿ ಅದು. ಅವನ ಜೋಡೀನ ಬೆಳದೈತಿ ನೋಡು...

ಕೇಳಿಸ್ತಾ? ಅನ್ನಪೂರ್ಣೀ ಚಪ್ಪಲ ಸಪ್ಪಳಾ. ಬಂದ್ಲು. ಕದಾ ಮುಂದ ಮಾಡ ಮಾಲವ್ವ. ಚಿಲಕಾ ಹಾಕು. ಬಡೀಲಿ, ಹಾಲ ಹಿಡಕೊಂಡ ಹೊರಗ ನಿಂತಿರ್ಲಿ ತಟಕ ಹೊತ್ತು. ಇನ್ನ ನೀ ಏನೂ ಹೇಳಬ್ಯಾಡ ಅವಗ, ಕೇಳು ಅಷ್ಟ. ನಾ ಕೇಳಿದ್ನಿ ಅಂತ ಕೇಳು...

ಅವತ್ತ ಯಾಕ ಅಳಲಿಲ್ಲೋ ಅಂತ.