ತಾಮ್ರದ ತಗಡಿನಲ್ಲಿ ಉಳಿದ ಅಪ್ಪನ ಹುಬ್ಬು

ಹೆಸರು ಆರ್ಸೋಲಾ ವಿಯನೊಲ್, ದಿವಂಗತ ಝುವಾನೆಯವರ ಮಗಳು, ವಯಸ್ಸು ಮೂವತ್ತೆಂಟು, ಅವಿವಾಹಿತೆ, ಕಸುಬು ತಾಮ್ರದ ತಗಡಿನ ಮೇಲೆ ಅಚ್ಚಿನ ಚಿತ್ರ ಕೊರೆಯುವುದು, ವಾಸ ವೆನಿಸ್ ನಗರದ ಸಾನ್ ಪೋಲೊ ಕೇರಿಯಲ್ಲಿ, ನಮ್ಮದೇ ಅಚ್ಚಿನ ಅಂಗಡಿಯ ಮಹಡಿ. ಅಂಗಡಿಯ ತಗಡನ್ನು ಹಾಳುಮಾಡಿದೆನೆಂದು ನನ್ನ ಅಣ್ಣ ಬೊರ್ತೊಲೊ ಕೊಟ್ಟ ದೂರಿನ ಮೇಲೆ ನನ್ನನ್ನು ಠಾಣೆಗೆ ಕರೆಸಿದ್ದು, ಈ ಮೂಲಕ ತಿಳಿಸುವುದೇನೆಂದರೆ, ಹಾಳುಮಾಡಿದ್ದು ನಿಜ. ಕಾರಣ ಕೇಳಿದ್ದರಿಂದ ಹೇಳುತ್ತಿದ್ದೇನೆ.

ನಮ್ಮ ತಂದೆ ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಜೀವಮಾನವೆಲ್ಲ ಬೇರೆಯವರ ಮುಖಗಳನ್ನು ಅಚ್ಚುಹಾಕಿದ ಅವರದೇ ಒಂದು ಚಿತ್ರವೂ ಮನೆಯಲ್ಲಿರಲಿಲ್ಲ. ಆದ್ದರಿಂದ ನಾನು ತಗಡಿಗೆ ಮೇಣ ಹಚ್ಚಿ, ಸೂಜಿಯಿಂದ ಪುರಾಣದ ಒಂದು ದೃಶ್ಯ ಬರೆದು, ಆಮ್ಲದಲ್ಲಿ ಅದ್ದಿ ಗೆರೆ ಕೊರೆಸಿದೆ. ಪಾಳುಬಿದ್ದ ಬಲಿಪೀಠದ ಮೇಲೆ ಹಾವನ್ನು ಸುಡುತ್ತಿರುವ ಮುದಿ ಮಂತ್ರವಾದಿ, ಸುತ್ತ ಮೇಕೆಕಾಲಿನ ವನದೇವತೆಗಳು, ಒಂದು ಗೂಬೆ. ಮಂತ್ರವಾದಿಗೆ ಅಪ್ಪನ ಮುಖ ಕೊಟ್ಟೆ. ಹಿಂದೊಮ್ಮೆ ಕೆಲಸದಲ್ಲಿ ಆಮ್ಲ ಸಿಡಿದು ಅವರ ಎಡಹುಬ್ಬಿನಲ್ಲಿ ಒಂದು ಬೋಳುಗೆರೆ ಆಗಿತ್ತು, ಅದನ್ನೂ ಬಿಡಲಿಲ್ಲ. ಆಗ ಅಣ್ಣನೇ ನೋಡಿ, “ಈಗ ಬಾಯಿ ತೆಗೆದು ಬೈತಾರೆ ಅನ್ನೋ ಹಾಗಿದೆ ಕಣೇ” ಎಂದು ಹೇಳಿದ್ದನು. ಇದನ್ನು ಅವನು ದೂರಿನಲ್ಲಿ ಬರೆಸಿಲ್ಲ.

ಕಳೆದ ಸೋಮವಾರ ನಾನು ಚಿಕ್ಕಮ್ಮನನ್ನು ನೋಡಲು ದೋಣಿಯಲ್ಲಿ ಮುರಾನೊಗೆ ಹೋಗಿದ್ದೆ. ಆ ದಿನ ಶ್ರೀಮಂತ ಲುನಾರ್ದೊ ಅಂಗಡಿಗೆ ಬಂದು, ಮಂತ್ರವಾದಿಗೆ ತಮ್ಮ ಮುಖ ಹಾಕಿದರೆ ಈ ಚಿತ್ರ ಸೇರಲಿದ್ದ ಇಡೀ ಸಂಪುಟದ ಖರ್ಚು ತಮ್ಮದೆಂದು ತಿಳಿಸಿದರಂತೆ. ಅಣ್ಣನು ಅಪ್ಪನ ಮುಖವನ್ನು ಉಜ್ಜಿ, ಆ ಜಾಗದಲ್ಲಿ ಶ್ರೀಮಂತರ ಮೂಗು, ಗಲ್ಲ ಕೊರೆದನು. ತಾಮ್ರದಲ್ಲಿ ಪೂರ್ತಿ ಉಜ್ಜಿಹೋದದ್ದು ಮತ್ತೆ ಬರುವುದಿಲ್ಲ. ನನ್ನನ್ನು ಒಂದು ಮಾತು ಕೇಳಲಿಲ್ಲ.

ಅವನಿಗೆ ಎಲ್ಲದರಲ್ಲೂ ಆತುರ. ಆಳಕ್ಕೆ ಕೆರೆಯದೆ ಮೇಲಷ್ಟೇ ನುಣುಪು ಮಾಡಿದ್ದರಿಂದ, ನಿನ್ನೆ ಬೆಳಿಗ್ಗೆ ಮೊದಲ ಪ್ರತಿ ಒತ್ತಿದಾಗ ಶ್ರೀಮಂತರ ಹಣೆಯಲ್ಲಿ ಅಪ್ಪನ ಎಡಹುಬ್ಬು ಎದ್ದುಬಂತು, ಬೋಳುಗೆರೆ ಸಮೇತ. ಶ್ರೀಮಂತರು ಅದನ್ನು ನೋಡಿ, “ನನ್ನ ಹಣೆ ಮೇಲೆ ಕೂತಿರೋನು ಯಾವನಯ್ಯಾ?” ಎಂದು ಕೇಳಿದರು. ಅಣ್ಣನು, ಅದು ಯಾರೂ ಅಲ್ಲ, ಹಳೆಯ ಕೊಳೆ ಎಂದನು. ನಾನು ಎರಡು ಮೊಳ ದೂರದಲ್ಲಿ ನಿಂತಿದ್ದೆ. ಹೆತ್ತ ತಂದೆಯನ್ನು ಕೊಳೆ ಎಂದನು. ಇದನ್ನು ಹೇಳುವಾಗಲೂ ನನ್ನ ಮೈ ಉರಿಯುತ್ತಿದೆ, ಹಾಗೆಯೇ ಬರೆದುಕೊಳ್ಳಿ.

ಶ್ರೀಮಂತರು ಹೊರಟ ಮೇಲೆ ಅಣ್ಣನು ಕೆರೆಯುವ ಉಳಿಯನ್ನು ನನ್ನ ಕೈಗಿಟ್ಟು, “ನಿನ್ನ ಕೈ ನಯ. ಆ ಹುಬ್ಬೊಂದು ತೆಗೆದುಬಿಡು. ಸತ್ತೋರು ಊಟ ಹಾಕ್ತಾರೇನೇ?” ಎಂದನು. ನಾನು, “ಬದುಕಿದ್ದಾಗ ಹಾಕಿದ್ದನ್ನ ಉಂಡೇ ಅಲ್ವೇನಣ್ಣ ನೀನು ಇಷ್ಟೆತ್ತರ ಬೆಳೆದಿದ್ದು?” ಎಂದೆ.

ಇನ್ನು ಅಚ್ಚಾಗಬಾರದ ತಗಡಿಗೆ ಅದನ್ನು ಕೊರೆದವರೇ ಮೂಲೆಯಿಂದ ಮೂಲೆಗೆ ಗೆರೆ ಎಳೆಯುವುದು ನಮ್ಮ ಕಸುಬಿನ ಕಟ್ಟಳೆ. ನಾನು ಎಳೆದೆ. ಶ್ರೀಮಂತರ ಮೂಗಿನ ಮೇಲೆ ಹಾಯ್ದೇ ಎಳೆದೆ. ಹುಬ್ಬನ್ನು ಮುಟ್ಟಿಲ್ಲ. ಅಣ್ಣನ ಮೇಲೆ ಉಳಿ ಎತ್ತಿದೆನೆಂಬುದು ಸುಳ್ಳು. ಮನಸ್ಸಾಗಿತ್ತು, ಎತ್ತಲಿಲ್ಲ.

ಹೊಸ ತಗಡಿನಲ್ಲಿ ಅದೇ ದೃಶ್ಯ ಕೊರೆದು ಶ್ರೀಮಂತರ ಮುಖ ಹಾಕಿಕೊಟ್ಟರೆ ದೂರು ಹಿಂದಕ್ಕೆ ಪಡೆಯುವುದಾಗಿ ಅಣ್ಣನು ಹೇಳಿಕಳಿಸಿದ್ದಾನೆಂದು ತಾವು ತಿಳಿಸಿದಿರಿ. ಹಾಕಿಕೊಡುತ್ತೇನೆ. ಮೇಕೆಕಾಲಿನವರಲ್ಲಿ ಯಾರಿಗಾದರೂ ಹಾಕಬಹುದು. ಮಂತ್ರವಾದಿಯ ಜಾಗ ಖಾಲಿ ಇಲ್ಲ. ನಿನ್ನೆ ಒತ್ತಿದ ಆ ಒಂದೇ ಪ್ರತಿ ನನ್ನ ಬಳಿ ಇದೆ, ಸಾಕ್ಷಿಗೆಂದರೂ ಕೊಡಲಾರೆ.

ನಾನು ಹೇಳಿದ್ದನ್ನೇ ಬರೆದಿದ್ದಾರೆ, ಓದಿಸಿ ಕೇಳಿದ್ದೇನೆ, ಎಲ್ಲವೂ ನಿಜ. ಇದರಲ್ಲಿ ಯಾರೂ ಏನನ್ನೂ ಕೆರೆದು ತೆಗೆಯಕೂಡದು.

ಸ್ಥಳ: ವೆನಿಸ್
ದಿನಾಂಕ: 9 ಮಾರ್ಚ್ 1758
ಸಹಿ: ಆರ್ಸೋಲಾ, ಝುವಾನೆಯ ಮಗಳು