ಬೆನ್ನಿಗೆ ಹೊತ್ತ ಕುರ್ಚಿ

ಆ ದೀಪ ಸಣ್ಣದು ಮಾಡ್ರಿ, ಹೇಳ್ತೀನಿ. ಇದು ನಮ್ಮ ದೊಡ್ಡಪ್ಪನ ಮಗ ಶಂಕ್ರೆಪ್ಪಗ ಆಗಿದ್ದು. ಹೋದ ವರ್ಷ, ಪುಣೆ ಹತ್ರ ಭೋರ್ ಕಡೆ.

ಪುಣೆದ ಅಮೇಯ ಅನ್ನಾವ ಅಲ್ಲಿ ಡೇರೆ ಹೊಡದು ರಿಸಾರ್ಟ್ ತಗದಿದ್ದ. ಹೆಸರು 'ಸಾಹೇಬರ ಕ್ಯಾಂಪ್'. ಬ್ರಿಟಿಷರು ನಾಗಾ ಗುಡ್ಡಕ್ಕ ದಂಡೆತ್ತಿ ಹೋದಾಗ ಹೆಂಗ ಇರ್ತಿದ್ರೋ ಹಂಗ ಎಲ್ಲಾ ನಾಟಕ. ಅದಕ್ಕೂ ರೊಕ್ಕ ಕೊಟ್ಟು ಬರ್ತಿದ್ರು ಮಂದಿ, ಥೂ! ಶಂಕ್ರೆಪ್ಪ ಅಲ್ಲಿ ಸೂಪರ್‌ವೈಸರ್. ಅಡಿಗಿ ಮಾಡಾವ ಚುಬಾ, ಖರೇನ ನಾಗಾಲ್ಯಾಂಡಿನಾವ.

ಅಮೇಯ ಎಲ್ಲಿಂದಲೋ ಒಂದು ಹಳೇ ಬೆತ್ತದ ಕುರ್ಚಿ ಕೊಂಡ. ಆಗಿನ ಕಾಲದಾಗ ಕೂಲಿಯವ ಅದನ್ನ ಬೆನ್ನಿಗೆ ಹಾಕ್ಕೊಂಡು, ಪಟ್ಟಿ ಹಣಿಗೆ ಬಿಗಕೊಂಡು ಗುಡ್ಡ ಹತ್ತಬೇಕು. ಸಾಹೇಬ ಬೆನ್ನಿಗೆ ಬೆನ್ನು ಕೊಟ್ಟು ಆರಾಮ ಕೂಡ್ತಿದ್ದ. ಈಗ ಚುಬಾ ತಲಿಗೆ ಗರಿ ಸಿಗಸ್ಕೊಂಡು ಗಿರಾಕಿಗಳನ್ನ ಹೊರಬೇಕಂತ!

"ನಮ್ಮ ಮುತ್ತಜ್ಜನ್ನ ಊರಿಂದ ಎಳಕೊಂಡು ಹೋಗಿ ಹೊರಿಸಿದ್ರು. ನಾ ಹೊರಾಂಗಿಲ್ಲ," ಅಂದ ಚುಬಾ.

"ಹೊರದಿದ್ರ ನಾಳೆ ಗಂಟುಮೂಟಿ ಕಟ್ಟು," ಅಂದ ಅಮೇಯ.

ನಮ್ಮ ಶಂಕ್ರೆಪ್ಪನೂ, "ನಾಕ್ ಹೆಜ್ಜಿ ಹೊತ್ತರ ಏನ್ ಸವೀತಿ?" ಅಂದ.

ಅವತ್ತ ರಾತ್ರಿ ಟೆಂಪೋದವ ಆ ಕುರ್ಚಿ ತಂದು ರೋಡಿನ್ಯಾಗ ಇಳಿಸಿ ಹೋದ. ಅಲ್ಲಿಂದ ಕ್ಯಾಂಪಿಗೆ ಬರೇ ಕಾಲುದಾರಿ. ಶಂಕ್ರೆಪ್ಪ ಕೈಯಾಗ ಬ್ಯಾಟರಿ ಹಿಡಕೊಂಡು, ಪಟ್ಟಿ ಹಣಿಗೆ ಹಾಕ್ಕೊಂಡು ಹೊಂಟ. ಬರೇ ಬೆತ್ತ, ಹಗುರ ಇತ್ತು.

ದಾರ್‍ಯಾಗ ಒಂದು ಆಲದ ಮರ, ಬುಡಕ್ಕ ಬಾವಿ. ಅಲ್ಲಿಗೆ ಬರೂದ್ರಾಗ... ಕಿರ್ರ್. ಬೆತ್ತ ಕಿರಗುಟ್ಟಿತು. ಪಟ್ಟಿ ಹಣಿಯೊಳಗ ಕಚ್ಚಿತು. ಯಾರೋ ಕೂತ್ರು...

ಹೇಳಾಕೂ ಹೇಸಿಗಿ ಬರ್ತದ. ಬೆತ್ತದ ಸಂದಿಯಿಂದ ಒಂದು ಬೆವತ ಬೆನ್ನು, ಬಿಸಿ ಬಿಸಿ, ಇವನ ಅಂಗಿ ತೋಯಿಸಿತು. ಆಮ್ಯಾಲ... ಡರ್ರ್ ಅಂತ ತೇಗು. ಹೊಟ್ಟಿ ಬಿರಿಯೂಹಂಗ ತಿಂದಾವನ ತೇಗು. ಮಾಂಸ, ಸಾರಾಯಿ, ಹುಳುಕಹಲ್ಲು... ಆ ನಾತಕ್ಕ ಇಂವ ಮೂಗು ಮುಚ್ಕೊಂಡು ನಿಂತ. ನಿಂತಕೂಡ್ಲೆ ನೆತ್ತಿಮ್ಯಾಲ ಕೋಲು... ಟಕ್... ಟಕ್. ಎತ್ತಿಗೆ ಬಡದಂಗ. ನಡೀ ಅಂತ!

ಬ್ಯಾಟರಿ ಬೆಳಕು ನಿಂತಲ್ಲೇ ನಿಂತದ್ದು ಕಂಡು ಕ್ಯಾಂಪಿನಿಂದ ಚುಬಾ ಬಂದ.

"ಯಾರ ಕುಂತಾರ?" ಪಿಸುಗುಟ್ಟಿದ.

"ಕಾಣಸ್ತಾನೇನು?"

"ಇಲ್ಲ... ನಿನ್ನ ಮಣಕಾಲು ನಡಗಾಕತ್ತಾವ."

"ಇಳಿಯವಲ್ಲ, ಚುಬಾ..."

ಚುಬಾ ಸೊಂಟದಾಗಿನ ಚಾಕು ತಗದು ಪಟ್ಟಿ ಕೊಯ್ದ. ಕುರ್ಚಿ ಧಡ್ ಅಂತ ಬಿತ್ತು. ಅದರಾಗ ಯಾರೂ ಇರಲಿಲ್ಲ.

ಬೆಳಿಗ್ಗೆ ಶಂಕ್ರೆಪ್ಪ ನನಗ ಫೋನ್ ಮಾಡಿದ, ಬಂದು ಕರಕೊಂಡು ಹೋಗು ಅಂತ. ನಾ ಕೆಲಸಕ್ಕಿದ್ದ ಪಿಂಪ್ರಿಯಿಂದ ಗಾಡಿ ಹೊಡಕೊಂಡು ಹೋದಾಗ ಅಂವ ಕುರ್ಚಿ ಮುರಮುರದು ನೀರಿನ ಹಂಡೆದ ಒಲಿಗೆ ತುರುಕಾಕತ್ತಿದ್ದ. ಅಮೇಯ ಬಾಜೂಕ ನಿಂತು ಒದರತಿದ್ದ, "ಇಬ್ರೂ ನಡೀರಿ ಹೊರಗ!"

"ಹೋಗ್ತೀವ್ರಿ. ಅಂವ ಹೊರಾಂಗಿಲ್ಲ. ನಾನೂ ಹೊರಸಾಂಗಿಲ್ಲ," ಅಂದ ಶಂಕ್ರೆಪ್ಪ.

ಇಡೀ ಕುರ್ಚಿ ನನ್ನ ಕಣ್ಣಮುಂದ ಧಗಧಗ ಉರದು ಬೂದಿ ಆತು. ಹೊಂಡೂಮುಂದ ಬೆನ್ನು ತೊಳಕೋತೀನಿ ಅಂತ ಶಂಕ್ರೆಪ್ಪ ಅದ ಒಲಿಮ್ಯಾಲಿನ ಹಂಡೆದ ಮುಚ್ಚಳ ತಗದ. ನೀವು ನಂಬ್ರಿ, ಬಿಡ್ರಿ. ನಾನ ಕೈ ಅದ್ದಿ ನೋಡೀನ್ರಿ... ನೀರು ತಣ್ಣಗಿತ್ತು.